ಹೋಯ್ ಆನ್: ಹಳೆಯ ಬಂದರು ಪಟ್ಟಣವನ್ನು ನೋಡುವ ಕ್ರಮ

ವಿಯೆಟ್ನಾಂನ ಹೋಯ್ ಆನ್‌ಗೆ ಹೋದವರಲ್ಲಿ ಹೆಚ್ಚಿನವರು ಸಂಜೆ ತಲುಪಿ, ಬಣ್ಣದ ಲಾಂದ್ರಗಳ ಕೆಳಗೆ ಫೋಟೊ ತೆಗೆಸಿಕೊಂಡು, ಮರುದಿನ ಬೆಳಿಗ್ಗೆಯೇ ಹತ್ತಿರದ ದ ನಾಂಗ್ ನಗರಕ್ಕೆ ಮರಳಿಬಿಡುತ್ತಾರೆ. 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪಟ್ಟಣವನ್ನು ಅರಿಯಬೇಕಾದರೆ ಹಳೆಯ ಮನೆಗಳ ಹೊಸ್ತಿಲು ದಾಟಲೇಬೇಕು.

ಮೊದಲನೆಯದಾಗಿ, ಪ್ರವಾಹದ ತಿಂಗಳುಗಳಾದ ಅಕ್ಟೋಬರ್, ನವೆಂಬರ್‌ಗಳನ್ನು ಬಿಟ್ಟು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೋಗಿ.

ಎರಡನೆಯ ಹಂತ ಹಳೆಯ ಪಟ್ಟಣದ ತಾಣಗಳನ್ನು ನೋಡುವ ಟಿಕೆಟ್. ಎಡವುವುದು ಇಲ್ಲಿಯೇ. ಟಿಕೆಟ್ಟಿನೊಂದಿಗೆ ಕೆಲವೇ ಚೀಟಿಗಳು ಬರುತ್ತವೆ. ಒಂದು ಸ್ಥಳಕ್ಕೆ ಒಂದು ಚೀಟಿ ಕೊಡಬೇಕು. ತೆರೆದ ಬಾಗಿಲು ಕಂಡಲ್ಲೆಲ್ಲ ಚೀಟಿ ಹರಿದುಕೊಟ್ಟವರು ಚೀನೀ ವರ್ತಕರು ಕೂಡಲು, ಪೂಜಿಸಲು ಕಟ್ಟಿಕೊಂಡ ಒಂದೇ ಬಗೆಯ ಸಭಾಭವನಗಳನ್ನು ನೋಡಿ ದಣಿದು, ಮನೆಗಳನ್ನು ನೋಡದೆಯೇ ಹೊರಡುತ್ತಾರೆ. ಮೊದಲ ಚೀಟಿಯನ್ನು ಹಳೆಯ ವರ್ತಕರ ಮನೆಯಾದ ತಾನ್ ಕಿ ಮನೆಗೇ ಮೀಸಲಿಡಿ. ನ್ಗುಯೆನ್ ಥಾಯ್ ಹೊಕ್ ಬೀದಿಯ ಕಡೆಗೆ ಅಂಗಡಿ, ನಡುವೆ ಬಿಸಿಲು ಬೀಳುವ ತೊಟ್ಟಿ, ಹಿಂದೆ ಥು ಬೋನ್ ನದಿಯ ದಿಕ್ಕಿಗೆ ತೆರೆಯುವ ಬಾಗಿಲು: ದೋಣಿಯಿಂದ ಇಳಿದ ಸರಕು ಹಿಂಬಾಗಿಲಿನಿಂದ ಬಂದು ಮುಂಬಾಗಿಲಿನಲ್ಲಿ ಮಾರಾಟವಾಗುತ್ತಿದ್ದ ದಾರಿಯಲ್ಲಿಯೇ ನೀವು ಎದುರುಮುಖವಾಗಿ ನಡೆಯುತ್ತಿರುತ್ತೀರಿ. ಕಂಬಗಳ ಮೇಲೆ ಹಕ್ಕಿಗಳ ಆಕಾರದಲ್ಲಿ ಮುತ್ತಿನ ಚಿಪ್ಪು ಕೂರಿಸಿ ಬರೆದ ಚೀನೀ ಅಕ್ಷರಗಳನ್ನೂ, ನೆರೆಯ ನೀರು ಏರಿದ ಮಟ್ಟವನ್ನು ಇಸವಿಸಹಿತ ಗುರುತಿಸಿದ ಗೋಡೆಯನ್ನೂ ನಿಧಾನವಾಗಿ ನೋಡಿ. ಫುಂಗ್ ಹುಂಗ್ ಮನೆಯ ಮಹಡಿಯ ನೆಲದಲ್ಲಿ, ನೆರೆ ಬಂದಾಗ ಸರಕನ್ನು ಮೇಲೆ ಎಳೆದುಕೊಳ್ಳುವ ಕಿಂಡಿಯೂ ಇದೆ.

ಸಭಾಭವನ ಒಂದೇ ಸಾಕು, ಅದು ಚೀನಾದ ಫುಜಿಯನ್ ಪ್ರಾಂತ್ಯದ ವರ್ತಕರದಾಗಿರಲಿ. ಅಲ್ಲಿ ಸಮುದ್ರಯಾನಿಗಳನ್ನು ಕಾಯುವ ಥಿಯೆನ್ ಹೌ ದೇವಿಯ ಅಕ್ಕಪಕ್ಕದಲ್ಲಿ, ದೂರದ್ದನ್ನು ಕಾಣುವವನೊಬ್ಬ, ದೂರದ್ದನ್ನು ಕೇಳುವವನೊಬ್ಬ ನಿಂತಿದ್ದಾರೆ.

ಜಪಾನೀ ಸೇತುವೆಗೆ ಬೆಳಗಿನ ಹೊತ್ತೇ ಸರಿ. ದುರಸ್ತಿಯ ಬಳಿಕ 2024ರಲ್ಲಿ ಮತ್ತೆ ತೆರೆದ ಈ ಸೇತುವೆಯ ಒಂದು ತುದಿಯಲ್ಲಿ ಕೋತಿಗಳು, ಇನ್ನೊಂದರಲ್ಲಿ ನಾಯಿಗಳು ಕಾವಲಿವೆ. 20,000 ಡಾಂಗ್ ನೋಟಿನ ಮೇಲೂ ಇದೇ ಸೇತುವೆಯ ಚಿತ್ರವಿದೆ. ದಾರಿಯಲ್ಲಿ ಅಪ್ಪಟ ರೇಷ್ಮೆಯೆಂದು ಅತಿ ಅಗ್ಗಕ್ಕೆ ಮಾರುವ ಶಾಲುಗಳು ಹೆಚ್ಚಾಗಿ ಪಾಲಿಯೆಸ್ಟರ್, ಕೊಳ್ಳಬೇಡಿ. ಒಂದೇ ದಿನದಲ್ಲಿ ಸೂಟು ಹೊಲಿದುಕೊಡುವ ಮಾತನ್ನೂ ನಂಬಬೇಡಿ. ಅಳತೆ ತಿದ್ದಿಸಲು ಇನ್ನೆರಡು ದಿನವಾದರೂ ಬೇಕು.

ಉಳಿದ ಅರ್ಧ ದಿನವನ್ನು ಮೀ ಸೋನ್‌ಗೆ ಕೊಡಿ. ನಾಲ್ಕನೆಯ ಶತಮಾನದಲ್ಲಿ, ಈ ಭಾಗವನ್ನು ಆಳುತ್ತಿದ್ದ ಚಂಪಾ ರಾಜ್ಯದ ದೊರೆ ಭದ್ರವರ್ಮನು ಶಿವನಿಗೆ ಗುಡಿ ಕಟ್ಟಿಸಿದ ಕಣಿವೆ ಅದು. ಅಲ್ಲಿನ ಎ, ಎಚ್ ಮತ್ತು ಕೆ ಗುಂಪಿನ ಇಟ್ಟಿಗೆ ಗುಡಿಗಳ ಸಂರಕ್ಷಣೆಯನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಕೈಗೊಂಡಿತ್ತು. ಗುಡಿಗಳ ಸುತ್ತ ನೆರಳು ಕಡಿಮೆ. ಬಿಸಿಲೇರುವ ಮೊದಲೇ ತಲುಪುವಂತೆ ಹೊರಡಿ.