ಕೀ ಬಸ್ಸಲ್ಲಿ, ಕಾರು ಬಂಕಲ್ಲಿ

ಹದಿನಾಲ್ಕು ವರ್ಷ ಒಂದೇ ಕಾರು ಓಡಿಸಿದವನು ನಾನು. ಕೀ ಆ ಕಡೆ ತಿರುಗಿಸಿದರೆ ಚಾಲೂ, ಈ ಕಡೆ ತಿರುಗಿಸಿದರೆ ಬಂದ್, ಅಷ್ಟೇ. ಸಿಂಧನೂರಿನಲ್ಲಿ ನನ್ನದು ಗೊಬ್ಬರದ ಅಂಗಡಿ. ಎರಡು ವರ್ಷದ ಹಿಂದೆ ಮಗ ಹಟ ಹಿಡಿದು ಹೊಸ ಡೀಸೆಲ್ ಕಾರು ಕೊಡಿಸಿದ, ಅದೂ ಟಾಪ್ ಮಾಡೆಲ್. ಶೋರೂಮಿನ ಹುಡುಗ ಹತ್ತು ನಿಮಿಷ ಇಂಗ್ಲಿಷಲ್ಲಿ ಏನೇನೋ ಹೇಳಿ, ಬಾನೆಟ್ಟಿಗೆ ಹಾರ ಹಾಕಿಸಿ, ಫೋಟೋ ತೆಗೆದು ಕಳಿಸಿಬಿಟ್ಟ. ಕೈಗೆ ಕೊಟ್ಟ ಕೀ ನೋಡಿದರೆ ಸವೆದ ಸೋಪಿನ ಚೂರಿನ ಹಾಗಿತ್ತು. ಅದನ್ನು ಎಲ್ಲೂ ತೂರಿಸೋದಿಲ್ಲ, ಜೇಬಲ್ಲಿದ್ದರೆ ಸಾಕು, ಬಟನ್ ಒತ್ತಿದರೆ ಕಾರು ಚಾಲೂ.

ಒಂದು ರಾತ್ರಿ ಮಗ ಬೆಂಗಳೂರಿಗೆ ಹೊರಟ. ಬಸ್ ಸ್ಟ್ಯಾಂಡಿನ ತನಕ ಅವನೇ ಓಡಿಸಿದ, ಇಂಜಿನ್ ಚಾಲೂ ಇಟ್ಟೇ ಇಳಿದು ಬ್ಯಾಗ್ ತಗೊಂಡ, ನಾನು ಈ ಸೀಟಿಂದ ಆ ಸೀಟಿಗೆ ಬಂದು ಹೊರಟೆ. ಕಾರು ಕುಂಯ್ ಕುಂಯ್ ಅಂತಿತ್ತು. ಅದು ಯಾವಾಗಲೂ ಏನಾದರೂ ಅಂತಾನೇ ಇರುತ್ತೆ, ಸುಮ್ನೆ ಬಿಟ್ಟೆ. ಡೀಸೆಲ್ ಹಾಕಿಸೋಣ ಅಂತ ಬಂಕಿಗೆ ಹೋಗಿ ಬಂದ್ ಮಾಡಿದೆ. ಆಮೇಲೆ ಬಟನ್ ಒತ್ತಿದರೆ ಚಾಲೂ ಆಗಲಿಲ್ಲ. ಮತ್ತೆ ಒತ್ತಿದೆ, ಆಗಲಿಲ್ಲ. "ಕಾಕಾ, ಗಾಡಿ ತೆಗೀರಿ, ಹಿಂದ ಲೈನ್ ಹತ್ತೈತಿ" ಅಂದ ಬಂಕಿನ ಹುಡುಗ. ಎಲ್ಲಿಂದ ತೆಗೆಯೋದು? ಕೀ ಮಗನ ಜೇಬಲ್ಲಿ, ಮಗ ಕಾರಟಗಿ ದಾರಿಯಲ್ಲಿ. ಸ್ಟೇರಿಂಗ್ ಬೇರೆ ಲಾಕ್ ಆಗಿತ್ತು, ನಾಲ್ಕು ಜನ ಸೇರಿ ನೇರಕ್ಕೆ ತಳ್ಳಿ ನಿಲ್ಲಿಸಿದೆವು. ಇನ್ನೊಂದು ಕೀ ಮನೆಯಲ್ಲಿತ್ತು. ಮನೆಯವಳಿಗೆ ಫೋನ್ ಮಾಡಿದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕೀ ಇಲ್ದ ಬಂಕಿನ ತನಕ ಹೆಂಗ ಹೋದ್ರಿ?"

ಇದಕ್ಕೆ ಉತ್ತರ ಆಮೇಲೆ ಗೊತ್ತಾಯಿತು. ಕಾರು ಚಾಲೂ ಆಗುವಾಗ ಕೀ ಒಳಗಿದೆಯಾ ಅಂತ ನೋಡುತ್ತೆ. ಒಮ್ಮೆ ಚಾಲೂ ಆದರೆ ಕೀ ದೂರ ಹೋಯಿತು ಅಂತ ನಡು ರಸ್ತೆಯಲ್ಲಿ ಇಂಜಿನ್ ಬಂದ್ ಮಾಡಲ್ಲ, ಮಾಡಿದರೆ ಹಿಂದಿನ ಲಾರಿ ಬಂದು ಗುದ್ದುತ್ತೆ ಅಲ್ವಾ. ಅದಕ್ಕೇ ಸದ್ದು ಮಾಡಿ ಎಚ್ಚರಿಸುತ್ತೆ. ನಾನು ಬಿಟ್ಟಿದ್ದು ಆ ಸದ್ದನ್ನೇ.

ಮುಂದಿನ ಭಾನುವಾರ ಬೇವಿನ ನೆರಳಲ್ಲಿ ಕಾರು ನಿಲ್ಲಿಸಿ, ಅದರ ಪುಸ್ತಕ ತೊಡೆ ಮೇಲಿಟ್ಟುಕೊಂಡು ಕೂತೆ. ಪೂರ್ತಿ ಇಂಗ್ಲಿಷು, ಅರ್ಧಕ್ಕರ್ಧ ಎಚ್ಚರಿಕೆಗಳೇ. ಒಂದೊಂದು ಸದ್ದನ್ನೂ ಬೇಕಂತಲೇ ಮಾಡಿಸಿ ನೋಡಿದೆ. ಬಾಗಿಲು ತೆಗೆದೆ, ಬೆಲ್ಟ್ ಬಿಚ್ಚಿದೆ, ಕೀಯನ್ನು ಮನೆಯವಳ ಕೈಗೆ ಕೊಟ್ಟು ಓಣಿ ಆಚೆ ಕಳಿಸಿದೆ. ಅಂಗಡಿ ಉದ್ರಿ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟೆ: ಯಾವುದಕ್ಕೆ ನಿಲ್ಲಬೇಕು, ಯಾವುದನ್ನು ಬಂದ್ ಮಾಡಬಹುದು, ಯಾವುದನ್ನು ಸಹಿಸಿಕೊಳ್ಳಬೇಕು.

ಸಹಿಸಿಕೊಳ್ಳಬೇಕಾದ್ದು ಸ್ಪೀಡಿನ ಸದ್ದು. 80 ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ಬಿಡದೆ. ಇದು ಕಂಪನಿಯವರ ಕಾಟ ಅಂದುಕೊಂಡಿದ್ದೆ, ಅಲ್ಲ, 2019ರ ಜುಲೈಯಿಂದ ಸರ್ಕಾರವೇ ಕಡ್ಡಾಯ ಮಾಡಿದ್ದು. ಮುಂದಿನ ಸೀಟಿನ ಬೆಲ್ಟ್ ಸದ್ದು, ರಿವರ್ಸ್ ಸೆನ್ಸಾರ್ ಎಲ್ಲ ಅದರ ಜೊತೆಗೇ ಬಂದವು. ಬೆಲ್ಟಿನದು ಒಂದು ತಮಾಷೆ. ಅರ್ಜೆಂಟಿಗೆ ಅಂತ ಒಂದು ಯೂರಿಯಾ ಚೀಲ ಪಕ್ಕದ ಸೀಟಲ್ಲಿ ಇಟ್ಟಿದ್ದೆ, 45 ಕೆಜಿ. ಸೀಟಿನ ಕೆಳಗಿನ ಸೆನ್ಸಾರಿಗೆ ಭಾರ ಅಷ್ಟೇ ಗೊತ್ತು, ಚೀಲ ಯಾವುದು ಮನುಷ್ಯ ಯಾವುದು ತಿಳಿಯಲ್ಲ. ಕಿರುಚಾಟ ತಡೆಯಲಾರದೆ ಚೀಲಕ್ಕೇ ಬೆಲ್ಟ್ ಹಾಕಿದೆ. ದಾರಿಯಲ್ಲಿ ಸಿಕ್ಕವರು "ಯಾರ್ರೀ ಬೀಗರು?" ಅಂತ ಕೇಳಿದರು.

ಬಂದ್ ಮಾಡಿದ್ದು ಲೇನ್ ಹಿಡಿಯುವ ಆಟ, ಅದೂ ಸುಗ್ಗಿಯಲ್ಲಿ ಮಾತ್ರ. ಗಾಜಿನ ಹಿಂದೆ ಇರುವ ಕ್ಯಾಮೆರಾ ರಸ್ತೆಯ ಬಿಳಿ ಗೆರೆ ನೋಡುತ್ತೆ, ಇಂಡಿಕೇಟರ್ ಹಾಕದೆ ಗೆರೆ ದಾಟಿದರೆ ಸ್ಟೇರಿಂಗನ್ನು ಮೆಲ್ಲಗೆ ವಾಪಸ್ ಎಳೆಯುತ್ತೆ. ಹೈವೇಯಲ್ಲಿ ಒಳ್ಳೇದೇ, ಇಂಡಿಕೇಟರ್ ಹಾಕುವ ಅಭ್ಯಾಸ ನನಗೆ ಈ ವಯಸ್ಸಲ್ಲಿ ಬಂದಿದ್ದೇ ಇದರಿಂದ. ಆದರೆ ನಮ್ಮ ಕಡೆ ನವೆಂಬರ್, ಡಿಸೆಂಬರಿನಲ್ಲಿ ಅರ್ಧ ರಸ್ತೆ ಭತ್ತ ಒಣಹಾಕಿರುತ್ತಾರೆ. ಬಿಳಿ ಗೆರೆ ಭತ್ತದ ಕೆಳಗೆ. ಭತ್ತದ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರಲ್ಲ, ಅದರಿಂದ ತಪ್ಪಿಸಿಕೊಳ್ಳಲು ನಾನು ಬಲಕ್ಕೆ ತಿರುಗಿಸಿದರೆ ಅದು ನಡುವಿನ ಗೆರೆ ನೋಡಿ ಎಡಕ್ಕೆ, ಅಂದರೆ ಕಲ್ಲಿನ ಕಡೆಗೇ ಎಳೆಯಿತು. ಜೋರಾಗೇನೂ ಎಳೆಯಲ್ಲ, ಕೈ ಬಿಗಿ ಹಿಡಿದರೆ ನಮ್ಮ ಮಾತೇ ನಡೆಯುತ್ತೆ, ಆದರೂ ಎದೆ ಧಸಕ್ ಅಂತು. ಅವತ್ತಿಂದ ಭತ್ತ ಎತ್ತುವ ತನಕ ಅದು ಬಂದ್.

ಅದೇ ಹೊತ್ತಲ್ಲಿ ಇನ್ನೊಂದು ಕಾಟ ಹುಳದ್ದು. ಗದ್ದೆ ಬಯಲಲ್ಲಿ ಸಂಜೆ ಹೋದವರಿಗೆ ಗೊತ್ತು, ಲೈಟಿಗೆ ಹುಳ ಮುತ್ತಿ ಗಾಜು ಕಾಣಲ್ಲ. ವೈಪರ್ ಆಟೋದಲ್ಲಿ ಇಟ್ಟಿದ್ದೆ. ಗಾಜಿಗೆ ಹುಳ ಬಡಿಯುತ್ತಿದ್ದಂತೆ ಅದಕ್ಕೆ ಮಳೆ ಅನ್ನಿಸಿತು, ಒಣ ಗಾಜಿನ ಮೇಲೆ ಎಳೆದು ಹುಳವನ್ನೆಲ್ಲ ಚಟ್ನಿ ಮಾಡಿ ಬಳಿದಿಟ್ಟಿತು. ಈಗ ಆಟೋ ತೆಗೆದಿದ್ದೇನೆ, ಡಿಕ್ಕಿಯಲ್ಲಿ ನೀರಿನ ಬಾಟಲಿ, ಹಳೇ ಬನೀನು ಇರುತ್ತೆ. ಗಾಜಿನ ಜೊತೆ ಮುಂದಿನ ಸೆನ್ಸಾರ್, ಹಿಂದಿನ ಕ್ಯಾಮೆರಾ ಎಲ್ಲ ಒರೆಸಿಯೇ ಹೊರಡೋದು. ಅವುಗಳ ಕಣ್ಣಿಗೆ ಮಣ್ಣು ಮೆತ್ತಿದ್ದರೆ ಸಾವಿರಾರು ರೂಪಾಯಿಯ ಫೀಚರ್ ಇದ್ದೂ ಇಲ್ಲದ ಹಾಗೆ.

ಮೀಟರಿನಲ್ಲಿ ಹತ್ತುವ ದೀಪಗಳಲ್ಲಿ ನಿಲ್ಲಲೇಬೇಕಾದವು ಕೆಂಪಿನವು. ಹಳದಿಯವು ಗ್ಯಾರೇಜಿಗೆ ಹೋಗು ಅನ್ನುವವು, ಆದರೆ ಅದರಲ್ಲೊಂದಕ್ಕೆ ಗ್ಯಾರೇಜು ಬೇಕಾಗಲಿಲ್ಲ. 2020ರ ನಂತರದ ಬಿಎಸ್ 6, ಅಂದರೆ ಹೊಗೆ ಕಡಿಮೆ ಮಾಡುವ ಸರ್ಕಾರದ ನಿಯಮಕ್ಕೆ ತಕ್ಕ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತೆ. ಆ ಮಸಿ ಸುಡಬೇಕಾದರೆ ಇಂಜಿನ್ ಚೆನ್ನಾಗಿ ಕಾಯಬೇಕು. ನಾನು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಎರಡು ಕಿಲೋಮೀಟರ್. ಎಲ್ಲಿಂದ ಕಾಯುತ್ತೆ? ದೀಪ ಹತ್ತಿತು. ಮೆಕ್ಯಾನಿಕ್ ನಕ್ಕು, "ಏನೂ ಮಾಡಬ್ಯಾಡ್ರಿ ಸಾವ್ಕಾರ್ರ, ಮಸ್ಕಿ ತನಕ ಒಂದ ಸಮ ಓಡಿಸ್ಕೊಂಡು ಬರ್ರಿ" ಅಂದ. ಅರ್ಧ ಗಂಟೆ 60ರ ಮೇಲೆ ನಿಲ್ಲಿಸದೆ ಓಡಿಸಿದೆ, ದೀಪ ಆರಿತು. ಈಗ ವಾರಕ್ಕೊಮ್ಮೆ ಮಸ್ಕಿಗೆ ಕೆಲಸ ಹುಡುಕಿಕೊಂಡು ಹೋಗುತ್ತೇನೆ. ಪೇಟೆಯೊಳಗೇ ಓಡಾಡುವವರು ಡೀಸೆಲ್ ತಗೊಳ್ಳುವ ಮುಂಚೆ ಎರಡು ಸಲ ಯೋಚಿಸಿ.

ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚಿಸುವಾಗ ವಾಲ್ವ್ ಹತ್ತಿರ ಗಾಳಿ ಅಳೆಯುವ ಸೆನ್ಸಾರ್ ಇದೆ ಅಂತ ಮೊದಲೇ ಹೇಳಿ, ಇಲ್ಲಾಂದ್ರೆ ಕಬ್ಬಿಣ ಹಾಕಿ ಎಬ್ಬಿಸುವಾಗ ಮುರಿಯುತ್ತೆ. ನನ್ನದು ಒಂದು ಮುರಿದಿದೆ. ಮೇ ತಿಂಗಳ ಬಿಸಿಲಲ್ಲಿ ಗಾಳಿ ತೋರಿಸುವ ಅಂಕಿ ಏರಿದ್ದು ನೋಡಿ ಗಾಳಿ ಬಿಡಬೇಡಿ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗಿನ ಲೆಕ್ಕವೇ ಲೆಕ್ಕ. ನಿಂತಾಗ ಇಂಜಿನ್ ತಾನೇ ಬಂದ್ ಆಗುವುದನ್ನೂ ಬೇಸಿಗೆಯಲ್ಲಿ ತೆಗೆದಿಡುತ್ತೇನೆ, ಇಂಜಿನ್ ನಿಂತರೆ ಎಸಿ ತಂಪೂ ಹೋಗುತ್ತೆ. ಕೀಯ ಸೆಲ್ ಮುಗಿದರೆ ಗಾಬರಿ ಬೇಡ: ಕೀಯೊಳಗೇ ಒಂದು ಸಣ್ಣ ಕಬ್ಬಿಣದ ಕೀ ಇರುತ್ತೆ, ಅದರಿಂದ ಬಾಗಿಲು ತೆಗೆದು, ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದರೆ ಚಾಲೂ ಆಗುತ್ತೆ. ಕೆಲವು ಕಾರಲ್ಲಿ ತಾಗಿಸುವ ಜಾಗ ಬೇರೆ, ಪುಸ್ತಕ ನೋಡಿ. ಸೆಲ್ ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತೆ, ನನ್ನದಕ್ಕೆ ಸಿಆರ್ 2032.

ಬಾಯಿಂದ ಹೇಳಿದರೆ ದಾರಿ ತೋರಿಸುತ್ತೆ ಅಂತಾರಲ್ಲ, ಅದಂತೂ ನನಗೆ ಇನ್ನೂ ಒಲಿದಿಲ್ಲ. ಮೊನ್ನೆ ಮೂರು ಸಲ "ಮಸ್ಕಿ" ಅಂದೆ. ಮೂರು ಸಲವೂ ಮ್ಯೂಸಿಕ್ ಹಾಕಿತು.