ಎರೆ ಸೀಮೆಯ ಗಾಡಿಗೆ ಸೈಲೆನ್ಸರ್ ಜೋಪಾನ

ಸಿಂಧನೂರು, ಮಾನ್ವಿ ಕಡೆ ನಾಟಿ ಶುರುವಾದರೆ ಸಾಕು, ಗಾಡಿಗಳೆಲ್ಲ ಗದ್ದೆಯ ಬದುವಿನ ತನಕ ಹೋಗಿ ಬರುತ್ತವೆ. ಕಾದ ಸೈಲೆನ್ಸರ್‌ಗೆ ಮೆತ್ತಿದ ರಾಡಿ ಅಲ್ಲೇ ಬೆಂದು ಗಟ್ಟಿಯಾಗುತ್ತದೆ. ಸಂಜೆ ಅದನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯುವವರನ್ನು, ಸುಡುವ ಪೈಪಿನ ಮೇಲೆ ತಣ್ಣೀರು ಸುರಿಯುವವರನ್ನು ನೋಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಹುಡುಗರೇ, ಪೈಪು ಪೂರ್ತಿ ಆರುವ ತನಕ ತಾಳಿ. ಆಮೇಲೆ ಹಳೆ ಅರಿವೆಯನ್ನು ನೀರಲ್ಲಿ ನೆನೆಸಿ ರಾಡಿಯ ಮೇಲೆ ಸುತ್ತಿ ಬಿಡಿ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಹಿಡಿತ ತಾನೇ ಸಡಿಲಾಗುತ್ತದೆ. ಒರೆಸಿದರೆ ಬಂತು.

ಉಳಿದ ಜಿಡ್ಡಿಗೆ ಒಂದು ಶಾಂಪೂ ಪಾಕೀಟು ಸಾಕು. ಪಾಯಿಖಾನೆ ತೊಳೆಯುವ ಆಸಿಡ್ ಮಾತ್ರ ಮುಟ್ಟಬೇಡಿ. ಅವತ್ತಿಗೆ ಫಳಫಳ ಹೊಳೆದೀತು, ಆದರೆ ಮೇಲಿನ ಕ್ರೋಮ್ ಪದರವನ್ನೇ ತಿಂದುಹಾಕುತ್ತದೆ. ಕ್ರೋಮ್ ಮೇಲೆ ತುಕ್ಕಿನ ಚುಕ್ಕಿ ಕಂಡರೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ತಿಕ್ಕಿ. ಅದು ಕ್ರೋಮ್‌ಗಿಂತ ಮೆತ್ತಗಿನ ಲೋಹ, ಗೀರು ಬೀಳುವ ಭಯ ಕಡಿಮೆ. ಕಪ್ಪು ಬಣ್ಣದ ಸೈಲೆನ್ಸರ್‌ಗೆ ಈ ಉಪಾಯ ಬೇಡ, ಬಣ್ಣ ಕಿತ್ತೀತು. ಅದಕ್ಕೆ ಶಾಖ ತಡೆಯುವ ಬಣ್ಣವೇ ಆಗಬೇಕು, ಬಾಗಿಲಿಗೆ ಹಚ್ಚುವ ಪೇಂಟ್ ಸುಟ್ಟು ಉದುರುತ್ತದೆ.

ರಾಡಿಗಿಂತ ಕೆಟ್ಟದ್ದು ಗೊಬ್ಬರ. ಪೊಟ್ಯಾಷ್ ಎಂದರೆ ಕ್ಲೋರೈಡ್ ಉಪ್ಪು, ಕಬ್ಬಿಣಕ್ಕೆ ಹಗೆ. ಹರಿದ ಚೀಲವನ್ನು ಹಿಂದೆ ಕಟ್ಟಿಕೊಂಡು ಬಂದ ದಿನ ಎಷ್ಟೇ ದಣಿದಿದ್ದರೂ, ಪೈಪು ಆರಿದ ಮೇಲೆ ತೊಳೆದೇ ಮಲಗಿ.

ಹೊರಗೆ ಎಷ್ಟು ಹೊಳಪು ಕೊಟ್ಟರೂ ಸೈಲೆನ್ಸರ್ ಕೊಳೆಯುವುದು ಹೆಚ್ಚಾಗಿ ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಆ ಪೈಪಿನಲ್ಲೇ ಹಾಯುತ್ತದೆ. ದೂರ ಓಡಿದರೆ ಬಿಸಿಗೆ ಹೊರಗೆ ಹೋಗುತ್ತದೆ. ಓಣಿಯ ಅಂಗಡಿ ತನಕ ಹೋಗಿ ಬಂದು ನಿಲ್ಲಿಸಿದರೆ ಒಳಗೇ ನೀರಾಗಿ ನಿಂತು ತಳವನ್ನು ತಿನ್ನುತ್ತದೆ. ಅದಕ್ಕೇ ವಾರಕ್ಕೊಮ್ಮೆಯಾದರೂ ಗಾಡಿಯನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ. ಬಹಳ ಗಾಡಿಗಳ ಸೈಲೆನ್ಸರ್ ತಳದಲ್ಲಿ ಈ ನೀರು ಸೋರಲೆಂದೇ ಸಣ್ಣ ತೂತು ಇರುತ್ತದೆ. ಅದಕ್ಕೆ ರಾಡಿ ಕಟ್ಟಿದ್ದರೆ ತಂತಿಯಿಂದ ಬಿಡಿಸಿ, ತೂತೆಂದು ವೆಲ್ಡಿಂಗ್ ಮಾಡಿಸಿ ಮುಚ್ಚಬೇಡಿ. ವಾಟರ್ ಸರ್ವಿಸ್‌ಗೆ ಬಿಡುವಾಗ ಹಿಂದಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಚಾಲೂ ಮಾಡುವ ಮುಂಚೆ ನೆನಪಿಟ್ಟು ಬಿಚ್ಚಿ.

ಹಿಂದಿನ ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲ್ ಜೊತೆ ಆಯಿಲ್ ಉರಿದು ಮಸಿ ಕಟ್ಟುತ್ತಿತ್ತು, ಸೈಲೆನ್ಸರ್ ಬಿಚ್ಚಿ ಬೆಂಕಿಗೆ ಹಾಕಿ ಸುಡುತ್ತಿದ್ದರು. ಈಗಿನ ಗಾಡಿಗೆ ಅದನ್ನು ಮಾಡಲೇಬೇಡಿ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್ 6 (ಹೊಗೆಗೆ ಸರ್ಕಾರ ಹಾಕಿದ ಮಿತಿ) ಗಾಡಿಗಳಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಈ ಪೈಪಿನಲ್ಲೇ ಕೂತಿರುತ್ತದೆ. ಬಾಯಿಯಲ್ಲಿ ಒಣ ಮಸಿ ಕಪ್ಪಗೆ ದಟ್ಟವಾಗಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಏರ್ ಫಿಲ್ಟರ್ ನೋಡಿಸಿ. ಎಣ್ಣೆಯಂತೆ ಕೈಗೆ ಅಂಟಿದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಮೆಕ್ಯಾನಿಕ್ ಹತ್ತಿರ ಹೋಗುವುದನ್ನು ಮುಂದೂಡಬೇಡಿ.

ಕೊಯ್ಲಿನ ದಿನಗಳಲ್ಲಿ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಇಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಬೆಂಡ್ ಪೈಪಿಗೂ ಇಂಜಿನ್‌ಗೂ ನಡುವೆ ಸಿಕ್ಕಿಕೊಂಡ ಹುಲ್ಲಿನ ಎಳೆಗಳನ್ನು ಬಗ್ಗಿ ನೋಡಿ, ತೆಗೆದ ಮೇಲೆಯೇ ಕಿಕ್ ಹೊಡೆಯಿರಿ.