ಉಪಕಾರ ಬರೆದಿಡಲು ಒಂದು ನೋಟ್‌ಬುಕ್

ಕಷ್ಟ ಬಂದಾಗ ದೇವರು ಹಿಂದೆ ನಡೆಸಿದ್ದೆಲ್ಲ ಮರೆತೇ ಹೋಗುತ್ತದೆ. ನನಗಂತೂ ಹಾಗೇ. ಅದಕ್ಕೆ ಮನೆಯ ಅಲ್ತಾರಿನ (ದೇವರ ಪೀಠದ) ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಖು, ಯಾರು, ಏನು ಮಾಡಿದರು, ಅಷ್ಟೇ. ಉದ್ದ ಬರೆಯಲು ಹೋದರೆ ವಾರಕ್ಕೇ ನಿಂತುಹೋಗುತ್ತದೆ.

‘ದೇವರು ಪ್ರಾರ್ಥನೆ ಕೇಳಿದರು’ ಎಂದು ಸುಮ್ನೆ ಬರೆಯಬೇಡಿ. ನಡೆದದ್ದನ್ನೇ ಬರೆಯಿರಿ. ನನ್ನದರಲ್ಲಿ ಹೀಗಿದೆ: ‘ಜೋರು ಮಳೆ. ಪಕ್ಕದ ಮನೆಯ ಬ್ಯಾರಿ ಅಣ್ಣ ಅಮ್ಮನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. ಬಾಡಿಗೆ ಬೇಡವೆಂದರು.’ ಅದನ್ನು ಓದಿದರೆ ಈಗಲೂ ಕಣ್ಣು ತುಂಬುತ್ತದೆ.

ಬರೆದರೆ ಸಾಲದು, ತೆರೆದು ಓದಬೇಕು. ಬೈಬಲಿನ ಯೆಹೋಶುವನ ಪುಸ್ತಕದ 4ನೇ ಅಧ್ಯಾಯದಲ್ಲಿ ಯೊರ್ದನ್ ನದಿಯಿಂದ 12 ಕಲ್ಲು ಎತ್ತಿ ತಂದದ್ದೂ ಮುಂದೆ ಮಕ್ಕಳು ‘ಇದೇನು?’ ಎಂದು ಕೇಳಲಿ ಎಂದೇ ಅಲ್ವಾ? ನಾವು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನವರ ಹುಟ್ಟಿದ ದಿನದ ತೆನೆ ಹಬ್ಬಕ್ಕೆ, ಓದುತ್ತೇವೆ. ಇಗರ್ಜಿಯಿಂದ ತಂದ ಹೊಸ ತೆನೆಯ ಕಾಳನ್ನು ಪಾಯಸಕ್ಕೆ ಹಾಕಿ, ಊಟಕ್ಕೆ ಮೊದಲು ಒಬ್ಬೊಬ್ಬರು ಒಂದೊಂದು ಪುಟ. ಮಕ್ಕಳಿಗೆ ಹಸಿವು, ಹಾಗಾಗಿ ಚಿಕ್ಕ ಪುಟಕ್ಕೇ ಜಗಳ!

ಆಮೇಲೆ ಒಬ್ಬರಿಗಾದರೂ ಫೋನ್ ಮಾಡಿ. ಕಳೆದ ಸಲ ನಾನು ಬ್ಯಾರಿ ಅಣ್ಣನಿಗೆ ಮಾಡಿದೆ. ಅವರಿಗೆ ಆ ದಿನ ನೆನಪೇ ಇರಲಿಲ್ಲ.